ಡಿಗ್ರಿ ಅಗ್ಗ, ಸ್ಪ್ಯಾನರ್ ದುಬಾರಿ

ಕನ್ನಡ ಕೂಟದ ಪಿಕ್‌ನಿಕ್‌ನಲ್ಲಿ ಚಿತ್ರಾನ್ನದ ತಟ್ಟೆ ಹಿಡಿದು ಕೂತಿದ್ದೆ. ಹಾಸನದ ಕಡೆಯ ಮಿತ್ರರೊಬ್ಬರು ಪಕ್ಕಕ್ಕೆ ಕರೆದರು. ಮಗ ಕಮ್ಯೂನಿಟಿ ಕಾಲೇಜಿಗೆ ಸೇರಿ ಕಾರು ರಿಪೇರಿ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾನಂತೆ. "ಗ್ಯಾರೇಜ್ ಕೆಲಸಕ್ಕೆ ಕ್ಯಾಲಿಫೋರ್ನಿಯಾದವರೆಗೆ ಬರಬೇಕಿತ್ತಾ? ನೀವೇ ಸ್ವಲ್ಪ ಬುದ್ಧಿ ಹೇಳಿ" ಅಂದರು. ಹುಡುಗನ ವಾದ ಫೋನಿನಲ್ಲೇ ಇತ್ತು. ಫೋರ್ಡ್ ಕಂಪನಿಯ ಮುಖ್ಯಸ್ಥ ಜಿಮ್ ಫಾರ್ಲಿ 2025ರ ನವೆಂಬರ್‌ನಲ್ಲಿ ಆಡಿದ ಮಾತು: ನಮ್ಮ ಡೀಲರ್‌ಗಳ ಬಳಿ 5,000 ಮೆಕ್ಯಾನಿಕ್ ಹುದ್ದೆ ಖಾಲಿ ಇವೆ, ಸಂಬಳ 1.2 ಲಕ್ಷ ಡಾಲರ್, ಬರುವವರೇ ಇಲ್ಲ.

ಅಪ್ಪನ ಲೆಕ್ಕ ತಪ್ಪು. ಫಾರ್ಲಿಯವರದು ಇನ್ನೂ ತಪ್ಪು.

ಮೊದಲು ಅಪ್ಪನದು: ಈ ಓದೇ ದಂಡ ಎಂಬ ಲೆಕ್ಕ. ಕ್ಯಾಲಿಫೋರ್ನಿಯಾದ ನಿವಾಸಿಗೆ ಕಮ್ಯೂನಿಟಿ ಕಾಲೇಜಿನ ಶುಲ್ಕ ಯೂನಿಟ್‌ಗೆ 46 ಡಾಲರ್. 60 ಯೂನಿಟ್‌ನ ಎರಡು ವರ್ಷದ ಡಿಗ್ರಿಗೆ 2,760 ಡಾಲರ್. ನಮ್ಮವರು ಮಕ್ಕಳ ಕಾಲೇಜು ಅರ್ಜಿಗೆ ಸಲಹೆಗಾರರನ್ನು ಇಟ್ಟುಕೊಂಡು ಇದಕ್ಕಿಂತ ಹೆಚ್ಚು ಸುರಿಯುತ್ತಾರೆ. ಇಷ್ಟಕ್ಕೆ ಹೆದರುವುದೇನಿಲ್ಲ.

ಹೆದರಬೇಕಾದದ್ದು ಆಮೇಲಿನದಕ್ಕೆ. 2024ರ ಸರ್ಕಾರಿ ಅಂಕಿಅಂಶದಂತೆ ಅಮೆರಿಕದ ಆಟೊ ಮೆಕ್ಯಾನಿಕ್‌ಗಳಲ್ಲಿ ಅರ್ಧದಷ್ಟು ಜನ ದುಡಿಯುವುದು ವರ್ಷಕ್ಕೆ 49,670 ಡಾಲರ್‌ಗಿಂತ ಕಡಿಮೆ. ಎಲ್ಲ ಕಸುಬುಗಳನ್ನೂ ಸೇರಿಸಿ ತೆಗೆದ ನಡುಮಟ್ಟ 49,500. ಅಂದರೆ ಎಂಜಿನ್, ಸೆನ್ಸರ್, ಹೈ ವೋಲ್ಟೇಜ್ ಬ್ಯಾಟರಿ ಎಲ್ಲ ಕಲಿತವನು ನಡುಮಟ್ಟಕ್ಕಿಂತ ಮೇಲೇರಿದ್ದು 170 ಡಾಲರ್. 1.2 ಲಕ್ಷ ದುಡಿಯುವವರು ಇಲ್ಲವೆಂದಲ್ಲ. ವರ್ಷಗಟ್ಟಲೆ ಡೀಸೆಲ್ ಎಂಜಿನ್ ಇಳಿಸಿ ಏರಿಸಿದ ಕೈಗಳು ಅವು. ಶಿಖರದ ಫೋಟೊ ತೋರಿಸಿ ಬುಡದಲ್ಲಿ ನಿಂತವನನ್ನು ಫಾರ್ಲಿ ಕರೆಯುತ್ತಿದ್ದಾರೆ, ಅಷ್ಟೆ.

ಬುಡದಲ್ಲಿ ಏನಾಗುತ್ತದೆ? ಬಹಳಷ್ಟು ಡೀಲರ್‌ಗಳಲ್ಲಿ ಸಂಬಳ 'ಫ್ಲ್ಯಾಟ್ ರೇಟ್'. ಬ್ರೇಕ್ ಕೆಲಸಕ್ಕೆ ಪುಸ್ತಕದಲ್ಲಿ ಎರಡು ಗಂಟೆ ಎಂದಿದ್ದರೆ ಎರಡೇ ಗಂಟೆಯ ಕೂಲಿ. ಪಳಗಿದವನು ಒಂದೂಕಾಲು ಗಂಟೆಯಲ್ಲಿ ಮುಗಿಸಿ ಗೆಲ್ಲುತ್ತಾನೆ. ಹೊಸಬ ಮೂರು ಗಂಟೆ ಒದ್ದಾಡಿ ಸೋಲುತ್ತಾನೆ. ಪಾರ್ಟ್ ಬರಲೆಂದು ಕಾದ ಹೊತ್ತಿಗೆ, ಗಾಡಿಯೇ ಬಾರದ ಮಂಗಳವಾರದ ಮಧ್ಯಾಹ್ನಕ್ಕೆ ಕವಡೆ ಕಾಸಿಲ್ಲ. ವಾರಂಟಿ ಕೆಲಸವಾದರೆ ಇನ್ನೂ ಕಷ್ಟ: ಆ ಸಮಯವನ್ನು ಕಾರು ಕಂಪನಿಯೇ ಗೊತ್ತುಮಾಡುತ್ತದೆ, ಗಿರಾಕಿ ದುಡ್ಡು ಕೊಡುವ ಕೆಲಸಕ್ಕಿಂತ ಸಾಮಾನ್ಯವಾಗಿ ಬಿಗಿಯಾಗಿಯೇ. ದೋಷವಿರುವ ಕಾರುಗಳನ್ನು ಕಂಪನಿಯೇ ವಾಪಸ್ ಕರೆಸಿ ಬಿಟ್ಟಿ ರಿಪೇರಿ ಮಾಡಿಸುವ 'ರಿಕಾಲ್'ಗೂ ಇದೇ ಲೆಕ್ಕ. 2025ರಲ್ಲಿ ಒಂದೇ ವರ್ಷಕ್ಕೆ ಅತಿ ಹೆಚ್ಚು ರಿಕಾಲ್ ಹೊರಡಿಸಿ ದಾಖಲೆ ಮುರಿದದ್ದು ಫೋರ್ಡ್. ಆ ರಿಕಾಲ್‌ಗಳ ಗಡಿಯಾರ ಯಾರ ಕೈಯಲ್ಲಿದೆ ಎಂದು ಫಾರ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಟೂಲ್. ನಮ್ಮೂರ ಗ್ಯಾರೇಜಿಗೆ ಸೇರುವ ಹುಡುಗ ಬರಿಗೈಯಲ್ಲಿ ಹೋಗುತ್ತಾನೆ. ಸ್ಪ್ಯಾನರ್ ಮೇಸ್ತ್ರಿಯದು, ಬೈಗುಳವೂ ಮೇಸ್ತ್ರಿಯದು. ಇಲ್ಲಿ ಲಿಫ್ಟಿನಂಥ ದೊಡ್ಡ ಸಾಧನ ಮಾತ್ರ ಮಾಲೀಕನದು. ರೆಂಚು, ಸಾಕೆಟ್ಟು, ಟಾರ್ಕ್ ರೆಂಚು, ಅದನ್ನೆಲ್ಲ ಇಡಲು ಬೀರುವಿನಷ್ಟು ಎತ್ತರದ ಪೆಟ್ಟಿಗೆ ಎಲ್ಲವೂ ಸಾಮಾನ್ಯವಾಗಿ ಕೆಲಸಗಾರನ ಜೇಬಿನಿಂದ. ವಾರಕ್ಕೊಮ್ಮೆ ಟೂಲ್ ಕಂಪನಿಯ ವ್ಯಾನು ಶಾಪ್ ಬಾಗಿಲಿಗೇ ಬರುತ್ತದೆ, ಕಂತಿನ ಮೇಲೆ ಕೊಡುತ್ತದೆ, ಮುಂದಿನ ವಾರ ವಸೂಲಿಗೂ ಅದೇ ಬರುತ್ತದೆ. ಕಾಲೇಜು ಸಾಲವಿಲ್ಲದೆ ಹೊರಬಂದವನು ಸಾಕೆಟ್ ಸೆಟ್ಟಿನ ಸಾಲಕ್ಕೆ ಬೀಳುವುದು ಹೀಗೆ. ಆ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯೋಣವೆಂದರೆ, ಸಂಬಳದ ನೌಕರರಿಗಿದ್ದ ಆ ಅವಕಾಶವನ್ನು 2018ರಿಂದಲೇ ಕೇಂದ್ರ ಸರ್ಕಾರ ಕಿತ್ತುಕೊಂಡಿದೆ.

ಈ ನಡುವೆ ಹೊಸ ಕಾನೂನು ಬಂದಿದೆ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾಯ್ದೆಯ ಪ್ರಕಾರ, ಪದವಿ ಮುಗಿಸಿದವರ ನಾಲ್ಕು ವರ್ಷದ ನಂತರದ ಗಳಿಕೆ ಬರೀ ಹೈಸ್ಕೂಲ್ ಓದಿದವರ ಗಳಿಕೆಗಿಂತ ಕೆಳಗಿದ್ದು, ಮೂರರಲ್ಲಿ ಎರಡು ವರ್ಷ ಹಾಗೇ ಆದರೆ ಆ ಕೋರ್ಸಿಗೆ ಕೇಂದ್ರದ ಸಾಲ ನಿಲ್ಲುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಸಂಬಳ ಕೊಡುವವನು ಡೀಲರ್, ಪರೀಕ್ಷೆಯಲ್ಲಿ ನಪಾಸಾಗುವುದು ಕಾಲೇಜು! ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ. ಅತ್ತ ಫಾರ್ಲಿಯವರ ದೂರು ದೇಶದಲ್ಲಿ ಕಸುಬು ಕಲಿಸುವ ಟ್ರೇಡ್ ಸ್ಕೂಲ್‌ಗಳೇ ಇಲ್ಲ ಎಂದು. ಆದರೆ ಫೋರ್ಡ್‌ನದೇ ಮೆಕ್ಯಾನಿಕ್ ತರಬೇತಿಯ 'ಅಸೆಟ್' ಕೋರ್ಸು 1980ರ ದಶಕದಿಂದ ಕಮ್ಯೂನಿಟಿ ಕಾಲೇಜುಗಳಲ್ಲಿ ನಡೆದುಬಂದಿದೆ.

ಗಳಿಕೆ ಕಾಲೇಜಿನಿಂದಷ್ಟೇ ನಿರ್ಧಾರವಾಗುವುದಿಲ್ಲ ಎನ್ನಲು ಕ್ಯಾಲಿಫೋರ್ನಿಯಾವೇ ಸಾಕ್ಷಿ. ಸ್ವಂತ ಟೂಲ್ ತಾ ಎಂದು ಮಾಲೀಕ ಕೇಳಿದರೆ ಇಲ್ಲಿ ಕನಿಷ್ಠ ವೇತನದ ಇಮ್ಮಡಿ ಕೊಡಬೇಕು. 2026ರ ದರದಲ್ಲಿ ಗಂಟೆಗೆ 33.80 ಡಾಲರ್. ಕಾದು ಕೂತ ಹೊತ್ತಿಗೂ ಬೇರೆಯಾಗಿ ಕೂಲಿ ಕೊಡಬೇಕೆಂದು 2013ರಲ್ಲಿ ಇಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಲಾಸ್ ಏಂಜಲೀಸ್‌ನ ಡೀಲರ್ ಒಬ್ಬರ ವಿರುದ್ಧ ಮೆಕ್ಯಾನಿಕ್‌ಗಳೇ ಹೂಡಿದ ದಾವೆ ಅದು. ಇಲಿನಾಯ್‌ನಲ್ಲಿ 2022ರಿಂದ ವಾರಂಟಿ ಕೆಲಸಕ್ಕೆ ಕಂಪನಿಯ ಸಮಯಪಟ್ಟಿಯ ಒಂದೂವರೆ ಪಟ್ಟು ಕೊಡಬೇಕೆಂಬ ಕಾನೂನಿದೆ. ಅದರ ಬೆನ್ನಿಗಿದ್ದದ್ದು 2017ರಲ್ಲಿ ಷಿಕಾಗೊದಲ್ಲಿ ವಾರಗಟ್ಟಲೆ ಮುಷ್ಕರ ಹೂಡಿದ ಮೆಕ್ಯಾನಿಕ್‌ಗಳ ಯೂನಿಯನ್. ಇಂಥ ಕಾನೂನಿಲ್ಲದ ರಾಜ್ಯದಲ್ಲಿ ಅದೇ ಪಾಠ ಕಲಿತು ಅದೇ ಡಿಗ್ರಿ ಪಡೆದವನ ಕೈಗೆ ಬರುವುದು ಬೇರೆಯೇ ಮೊತ್ತ. ಫಾರ್ಲಿಯವರಿಗೆ ನಿಜವಾಗಿ 5,000 ಜನ ಬೇಕಿದ್ದರೆ, ತಮ್ಮ ಕಂಪನಿಯ ವಾರಂಟಿ ಕೆಲಸದ ಸಮಯಪಟ್ಟಿಯನ್ನು ಸಡಿಲಿಸಲಿ. ಅದಕ್ಕೆ ಯಾವ ಟ್ರೇಡ್ ಸ್ಕೂಲೂ ಬೇಕಿಲ್ಲ.

ಮಿತ್ರರಿಗೆ ಹೇಳಿದೆ: "ಕಳಿಸಿ ಸಾರ್. ಕೆಲಸ ಕೇಳಲು ಹೋದಾಗ ಮಾತ್ರ ಎರಡು ಪ್ರಶ್ನೆ ಕೇಳಲಿ: ಗಾಡಿ ಇಲ್ಲದ ಹೊತ್ತಿಗೆ ಎಷ್ಟು ಕೊಡ್ತೀರಿ, ಟೂಲ್ ಯಾರದು." ಅವರು ಕಾಫಿ ತರಲು ಎದ್ದುಹೋದರು. ಹುಡುಗ ಹತ್ತಿರ ಸರಿದು ಮತ್ತೆ ಫೋನ್ ಚಾಚಿದ. ಕೆಂಪು ಬಣ್ಣದ, ಹನ್ನೊಂದು ಡ್ರಾಯರಿನ ಪೆಟ್ಟಿಗೆ. ಸ್ಟೂಡೆಂಟ್ ಡಿಸ್ಕೌಂಟ್‌ನಲ್ಲಿ, ಕಂತಿನ ಮೇಲೆ.

"ಅಪ್ಪನಿಗೆ ಇನ್ನೂ ಹೇಳಿಲ್ಲ, ಅಂಕಲ್."