ಮಾರಾಟಕ್ಕಿಟ್ಟ ಒಂಟಿತನ

ಆಟಕ್ಕೆ ಯಾರೂ ಕರೆಯದ, ಮಾತಾಡಿದರೆ ಉಳಿದವರು ನಗುವ ಹುಡುಗನೊಬ್ಬ ಹೆಚ್ಚುಕಡಿಮೆ ಪ್ರತಿಯೊಂದು ತರಗತಿಯಲ್ಲೂ ಇರುತ್ತಾನೆ. ಅಂಥ ಹುಡುಗನಿಗೆ ಸಮಾಜವು ಏನು ಹೇಳಬೇಕು? ಅಮೇರಿಕದ ಎಂಟಿವಿ ವಾಹಿನಿಯು 2010ರಲ್ಲಿ ಇದಕ್ಕೊಂದು ಉತ್ತರ ನೀಡಿತು. 'ದಿ ಹಾರ್ಡ್ ಟೈಮ್ಸ್ ಆಫ್ ಆರ್.ಜೆ. ಬರ್ಗರ್' ಎಂಬ ಹಾಸ್ಯ ಧಾರಾವಾಹಿಯ ನಾಯಕ ಹೈಸ್ಕೂಲಿನಲ್ಲಿ ಯಾರಿಗೂ ಬೇಡವಾದ ಬಾಲಕ. ಬಾಸ್ಕೆಟ್‌ಬಾಲ್ ಅಂಗಣದಲ್ಲಿ ಉಡುಪು ಕಳಚಿ ಆತ ಇಡೀ ಶಾಲೆಯೆದುರು ನಗ್ನನಾಗುತ್ತಾನೆ. ಅಂದಿನಿಂದ ಶಾಲೆ ಅವನನ್ನು ಗಮನಿಸತೊಡಗುತ್ತದೆ. ಅವನ ಬುದ್ಧಿ, ಸ್ವಭಾವ, ಸ್ನೇಹ ಯಾವುದಕ್ಕೂ ದೊರೆಯದ ಬೆಲೆ ಅವನ ದೇಹಕ್ಕೆ ದೊರೆಯುತ್ತದೆ. ಧಾರಾವಾಹಿ ಎರಡು ಸರಣಿಗಳ ಬಳಿಕ 2011ರಲ್ಲಿ ನಿಂತುಹೋಯಿತು. ಆದರೆ ಅದು ನೀಡಿದ ಉತ್ತರ ಇಂದಿಗೂ ಮಾರಾಟವಾಗುತ್ತಿದೆ.

ಈ ಉತ್ತರದಲ್ಲಿರುವ ವಂಚನೆಯನ್ನು ನಾವು ಗುರುತಿಸಬೇಕಾಗಿದೆ. ಬಾಲಕನೊಬ್ಬ ಸಹಪಾಠಿಗಳೆದುರು ನಗ್ನನಾಗುವುದು ನಿಜಜೀವನದಲ್ಲಿ ಭಾಗ್ಯದ ಬಾಗಿಲಲ್ಲ, ಸಹಿಸಲಾಗದ ಅವಮಾನ. ಇಂದಾದರೆ ಅದನ್ನು ಯಾರಾದರೂ ಮೊಬೈಲ್‌ನಲ್ಲಿ ಚಿತ್ರೀಕರಿಸಿ ಹಂಚಿಬಿಡುತ್ತಾರೆ. ನಮ್ಮ ದೇಶದ 2012ರ ಪೋಕ್ಸೋ ಕಾಯ್ದೆಯು 18 ವರ್ಷದೊಳಗಿನ ಎಲ್ಲರನ್ನೂ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಮಕ್ಕಳೆಂದೇ ಪರಿಗಣಿಸುತ್ತದೆ. ಅಶ್ಲೀಲ ಉದ್ದೇಶಕ್ಕಾಗಿ ಮಕ್ಕಳ ದೇಹವನ್ನು ಬಳಸಿಕೊಳ್ಳುವುದು ಅದರ ಪ್ರಕಾರ ಗಂಭೀರ ಅಪರಾಧ. ಮನೆಯ ಮಗುವಿಗಾದರೆ ಠಾಣೆಯ ಮೆಟ್ಟಿಲು ಹತ್ತಿಸುವ ಸಂಗತಿಯು ತೆರೆಯ ಮೇಲೆ ನಗೆಯ ವಸ್ತುವಾಗುವುದು ಹೇಗೆ?

ಇದಕ್ಕೆ ಉತ್ತರ ವ್ಯಾಪಾರದಲ್ಲಿದೆ. ಅದೇ ವಾಹಿನಿಯು 2011ರ ಜನವರಿಯಲ್ಲಿ ಬ್ರಿಟನ್ನಿನ 'ಸ್ಕಿನ್ಸ್' ಧಾರಾವಾಹಿಯ ಅಮೇರಿಕನ್ ರೂಪವನ್ನು ಪ್ರಸಾರ ಮಾಡಿತು. ಅದರ ನಟರಲ್ಲಿ ಕೆಲವರು ನಿಜಕ್ಕೂ 18 ತುಂಬದವರು. ವಯಸ್ಕರಿಗೆ ಮಾತ್ರ ಎಂಬ ಗುರುತು ಹೊತ್ತಿದ್ದರೂ ಮೊದಲ ಕಂತನ್ನು ನೋಡಿದ ಸುಮಾರು 33 ಲಕ್ಷ ಮಂದಿಯಲ್ಲಿ 12 ಲಕ್ಷದಷ್ಟು ಮಂದಿ 18 ವರ್ಷದೊಳಗಿನವರಾಗಿದ್ದರು. ಅಲ್ಲಿನ ಹೆತ್ತವರ ಸಂಘಟನೆಯೊಂದು ಸರಕಾರದಿಂದ ತನಿಖೆಯನ್ನು ಆಗ್ರಹಿಸಿತು. ಟಾಕೋ ಬೆಲ್‌ನಂತಹ ಕಂಪೆನಿಗಳು ಜಾಹೀರಾತು ಹಿಂದಕ್ಕೆ ಪಡೆದವು. ವೀಕ್ಷಕರೂ ಕಡಿಮೆಯಾದರು. ಒಂದೇ ಸರಣಿಗೆ ಧಾರಾವಾಹಿ ಮುಗಿಯಿತು. ಪಾಶ್ಚಾತ್ಯರೆಲ್ಲ ಇದನ್ನು ಒಪ್ಪಿಕೊಂಡಿದ್ದಾರೆ ಎಂದು ಭಾವಿಸುವವರು ಇದನ್ನು ನೆನಪಿಡಬೇಕು. ಅಲ್ಲಿನ ತಾಯಿತಂದೆಯರಿಗೂ ನಮ್ಮದೇ ಆತಂಕವಿದೆ.

ಈ ಘಟನೆಯಲ್ಲಿ ಇನ್ನೊಂದು ಪಾಠವೂ ಇದೆ. ಪರದೆಯ ಮೂಲೆಯ ಗುರುತು ಮಕ್ಕಳನ್ನು ತಡೆಯುವುದಿಲ್ಲ. ನಮ್ಮ ಕೇಂದ್ರ ಸರಕಾರದ 2021ರ ನಿಯಮಗಳು ಅಂತರ್ಜಾಲದ ಮನರಂಜನಾ ವೇದಿಕೆಗಳಿಗೆ 7, 13, 16 ವರ್ಷ ಮತ್ತು ವಯಸ್ಕರು ಎಂಬ ವಿಂಗಡಣೆಯನ್ನೂ ಪೋಷಕರ ಬೀಗದ ವ್ಯವಸ್ಥೆಯನ್ನೂ ಕಡ್ಡಾಯಗೊಳಿಸಿವೆ. ಎಷ್ಟು ಮನೆಗಳಲ್ಲಿ ಆ ಬೀಗ ಹಾಕಲಾಗಿದೆ? ಹಾಕಿದ ಮನೆಯಲ್ಲೂ ಮಗನ ಗೆಳೆಯನ ಮೊಬೈಲ್‌ಗೆ ಬೀಗ ಹಾಕುವವರಾರು?

ಆದ್ದರಿಂದ ನಿಷೇಧವೊಂದೇ ಸಾಲದು. ಹದಿಹರೆಯದ ಮಗನಿಗೆ ತನ್ನ ದೇಹದ ಬದಲಾವಣೆಯ ಕುರಿತು ಪ್ರಶ್ನೆಗಳಿರುತ್ತವೆ. ಗೆಳೆಯರ ಗೇಲಿಯ ನೋವಿರುತ್ತದೆ. ಅಂಕಪಟ್ಟಿಗೆ ಸಹಿ ಹಾಕಲು ಬಿಡುವಿರುವ ತಂದೆಗೆ ಇವುಗಳನ್ನು ಕೇಳಲು ಬಿಡುವಿರುವುದಿಲ್ಲ. ಮಗಳೊಂದಿಗೆ ತಾಯಿ ಒಂದಿಷ್ಟಾದರೂ ಮಾತಾಡುತ್ತಾಳೆ, ಮಗನ ಪಾಲಿಗೆ ಹೆಚ್ಚಿನ ಮನೆಗಳಲ್ಲಿ ಉಳಿಯುವುದು ಮೌನ ಮಾತ್ರ. ಆ ಮೌನದ ಜಾಗವನ್ನೇ ಮಾರುಕಟ್ಟೆ ಆಕ್ರಮಿಸಿಕೊಳ್ಳುತ್ತದೆ.

ನೀನು ಹೇಗಿದ್ದೀಯೋ ಹಾಗೆಯೇ ನಮಗೆ ಬೇಕಾದವನು ಎಂಬ ಮಾತನ್ನು ಮಗ ಮೊದಲು ಕೇಳಬೇಕಾದುದು ಮನೆಯಲ್ಲಿ. ಅಲ್ಲಿ ಅದು ಕೇಳಿಸದಿದ್ದರೆ ಅವನು ಬೇರೆಡೆ ಕಿವಿಗೊಡುತ್ತಾನೆ. ಅಲ್ಲಿ ಮಾತಾಡುವವರಿಗೆ ಅವನ ಒಳಿತಿನ ಚಿಂತೆಯಿರುವುದಿಲ್ಲ.