ಬಚ್ಚಲ ಒಲೆಗೆ ತುರುಕುವ ಮೊದಲು ಒಮ್ಮೆ ಯೋಚಿಸಿ

ನಮ್ಮ ಕಡೆಯ ಮನೆಗಳಲ್ಲಿ ಬೆಳಗ್ಗೆ ಮೊದಲು ಹೊಗೆ ಏಳುವುದು ಅಡಿಗೆಮನೆಯಿಂದ ಅಲ್ಲ, ಬಚ್ಚಲಿನಿಂದ. ಗ್ಯಾಸ್ ಬಂದು ಎಷ್ಟೋ ವರ್ಷ ಆಯ್ತು. ಆದರೂ ಹಂಡೆಯ ಅಡಿಗೆ ಕೊತ್ತಳಿಗೆ, ಮಡಲು, ತೆಂಗಿನ ಸಿಪ್ಪೆ ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ತುರುಕುತ್ತೇವೆ. ಅದೇ ತೋಟಕ್ಕೆ ದುಡ್ಡು ಕೊಟ್ಟು ಲೋಡುಗಟ್ಟಲೆ ಗೊಬ್ಬರ ತರಿಸುತ್ತೇವೆ. ತೋಟದ್ದನ್ನು ಸುಟ್ಟು, ತೋಟಕ್ಕೆ ಕೊಂಡು ಹಾಕುವ ಈ ಲೆಕ್ಕ ಸರಿಯುಂಟಾ?

ನನ್ನದು ಮಂಗಳೂರು ನಗರಪಾಲಿಕೆಯ ಗಡಿಯೊಳಗೇ ಇರುವ 80 ಸೆಂಟ್ಸ್ ಜಾಗ. ಒಂದಷ್ಟು ತೆಂಗು, ನಾಲ್ಕು ಸಾಲು ಅಡಿಕೆ, ಹಟ್ಟಿಯಲ್ಲಿ ಎರಡು ದನ. ನಾನೂ ನಿಮ್ಮ ಹಾಗೆಯೇ ಸುಟ್ಟವನು. ಎರಡು ವರ್ಷದಿಂದ ಕಡಿಮೆ ಮಾಡಿದ್ದೇನೆ. ಯಾಕೆ, ಹೇಗೆ ಅಂತ ಹೇಳುತ್ತೇನೆ.

ಫ್ರಾನ್ಸಿನವನ ರಾಶಿ

ಗೊಬ್ಬರದ ರಾಶಿ ಬಿಸಿಯಾಗುವುದು ನಮಗೆಲ್ಲ ಗೊತ್ತುಂಟು. ಹಸಿ ಸೊಪ್ಪು, ಸೆಗಣಿ ಸೇರಿಸಿ ಒಟ್ಟಿದ ರಾಶಿಗೆ ಕೈ ತೂರಿಸಿದರೆ ಸುಡುತ್ತದೆ. ಒಳಗಿನ ಸೂಕ್ಷ್ಮಜೀವಿಗಳು ತಿಂದು ಬೆಳೆಯುವಾಗ ಬಿಡುವ ಶಾಖ ಅದು. ಚೆನ್ನಾಗಿ ಕೂತ ರಾಶಿಯೊಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಸಾಮಾನ್ಯ.

ಈ ಶಾಖವನ್ನು ಹಾಳು ಮಾಡಬಾರದು ಅಂತ ಗಂಭೀರವಾಗಿ ಹೊರಟವನು ಫ್ರಾನ್ಸಿನ ಜೀನ್ ಪೇನ್. 1970ರ ದಶಕದಲ್ಲಿ ಆತ ಕಾಡಿನ ಪೊದೆ, ಕೊಂಬೆಗಳನ್ನು ಪುಡಿಮಾಡಿ, ನೆನೆಸಿ, 50 ಟನ್ನಿನಷ್ಟು ರಾಶಿ ಒಟ್ಟಿ, ಒಳಗೆ ಪೈಪು ಸುತ್ತಿ ನೀರು ಹರಿಸಿದ. ನಿಮಿಷಕ್ಕೆ 4 ಲೀಟರಿನಂತೆ 60 ಡಿಗ್ರಿಯ ನೀರು ಸಿಕ್ಕಿತು ಅಂತ ದಾಖಲೆ. ಮೀಯಲಿಕ್ಕೂ ಆಯ್ತು, ಚಳಿಗೆ ಮನೆ ಬೆಚ್ಚಗಿಡಲಿಕ್ಕೂ ಆಯ್ತು, ಕೊನೆಗೆ ಗೊಬ್ಬರವೂ ಆಯ್ತು.

ಮಂಗಳೂರಿನಲ್ಲಿ ಮನೆ ಬೆಚ್ಚಗಿಡುವ ಮಾತು ಹೇಳಿದರೆ ಜನ ನಗಾಡಿಯಾರು. ಸೆಕೆ ತಡೆಯಲಿಕ್ಕಾಗದೆ ಒದ್ದಾಡುವವರು ನಾವು. ಆದರೆ ಮೀಯುವ ಬಿಸಿನೀರು ನಮಗೆ ವರ್ಷದ ಎಲ್ಲ ದಿನವೂ ಬೇಕು.

ನಾನು ಮಾಡಿದ್ದು

ಮೊದಲ ಸಲ ಸಾಮಿಲ್ಲಿನಿಂದ ಬರೀ ಮರದ ಪುಡಿ ತಂದು ಒಟ್ಟಿದೆ. ಹತ್ತು ದಿನ ಕಾದರೂ ತಣ್ಣಗೆ ಕೂತಿತ್ತು. ತಪ್ಪು ನನ್ನದೇ. ಮರದಲ್ಲಿ ಇಂಗಾಲ ಹೇರಳ, ಸಾರಜನಕ ತೀರಾ ಕಡಿಮೆ. ರಾಶಿ ಕಾವೇರಬೇಕಾದರೆ ಇಂಗಾಲ 25–30 ಪಾಲಿಗೆ ಸಾರಜನಕ ಒಂದು ಪಾಲಾದರೂ ಬೇಕು. ಅಲ್ಲದೆ ನುಣ್ಣಗಿನ ಪುಡಿ ಒದ್ದೆಯಾದರೆ ಒತ್ತಿಕೊಂಡು ಗಾಳಿಯೂ ಆಡುವುದಿಲ್ಲ.

ಎರಡನೇ ಸಲ ಕೊಂಬೆ, ಕೊತ್ತಳಿಗೆ, ಮಡಲನ್ನು ಬೆರಳುದ್ದದ ಚೂರು ಮಾಡಿಸಿದೆ. ಒಂದು ಪದರ ಚೂರು, ಅದರ ಮೇಲೆ ಗೊಬ್ಬರಗಿಡದ ಹಸಿ ಸೊಪ್ಪು, ಮೇಲಿನಿಂದ ಸೆಗಣಿನೀರು, ಗಂಜಳ. ಅಡಿಕೆ ಸಲಾಕೆಯ ಬೇಲಿಯೊಳಗೆ ಏಳಡಿ ಅಗಲ, ಐದಡಿ ಎತ್ತರ. ನಡುವೆ ಒಂದಿಂಚಿನ ಕಪ್ಪು ಪೈಪು 50 ಮೀಟರ್ ಸುರುಳಿ ಸುತ್ತಿದೆ. ನಾಲ್ಕನೇ ದಿನ ಪೈಪಿನ ತುದಿಯ ನೀರು ಕೈಗೆ ಬಿಸಿ ತಾಗಿತು. ವಾರ ಕಳೆದಾಗ ತಣ್ಣೀರು ಬೆರೆಸದೆ ಮೀಯುವ ಹಾಗಿರಲಿಲ್ಲ.

"ಗೊಬ್ಬರದ ನೀರಿನಲ್ಲಿ ಮೀಯುವುದಾ?" ಅಂತ ಅಮ್ಮ ಮುಖ ಸಿಂಡರಿಸಿದರು. ನೀರು ಪೈಪಿನೊಳಗೇ ಹೋಗಿ ಬರುವುದು, ಗೊಬ್ಬರಕ್ಕೆ ತಾಗುವುದಿಲ್ಲ ಅಂತ ತೋರಿಸಿದ ಮೇಲೆ ಒಪ್ಪಿದರು. ಈಗ ಮೊದಲು ಮೀಯುವವರು ಅವರೇ! ಕುಡಿಯಲಿಕ್ಕೆ, ಅಡಿಗೆಗೆ ಮಾತ್ರ ಈ ನೀರು ಬಳಸುವುದಿಲ್ಲ.

ಕೊರತೆಯನ್ನೂ ಹೇಳಬೇಕು. ಅಷ್ಟುದ್ದದ ಪೈಪಿನಲ್ಲಿ ಹಿಡಿಯುವುದು ಸುಮಾರು 25 ಲೀಟರು. ತಣ್ಣೀರು ಬೆರೆಸಿದರೆ ಇಬ್ಬರಿಗೆ ಸಾಕು. ಮತ್ತಿನವರು ಗಂಟೆ ಹೊತ್ತು ಕಾಯಬೇಕು. ಪೈಪು ಇರುವಾಗ ರಾಶಿ ಮಗುಚುವ ಹಾಗಿಲ್ಲ. ಮೂರು ತಿಂಗಳಲ್ಲಿ ಕಾವು ಇಳಿಯಿತು, ಮತ್ತೆ ಹೊಸತು ಒಟ್ಟಬೇಕು. ಮಳೆ ಬಿದ್ದರೆ ಎಲ್ಲ ತಣ್ಣಗೆ, ಹಾಗಾಗಿ ಈಗ ಹಟ್ಟಿಯ ಮಾಡಿನ ಅಡಿಗೇ ಒಟ್ಟುತ್ತೇನೆ.

"ಸೋಲಾರ್ ಹಾಕಿದರಾಗದಾ?"

ಆಗುತ್ತದೆ, ದುಡ್ಡಿದ್ದವರಿಗೆ. ಆದರೆ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಬಿಸಿನೀರು ಹೆಚ್ಚು ಬೇಕಾದ ಆಟಿ ತಿಂಗಳಲ್ಲೇ ಸೂರ್ಯನ ಮುಖ ಕಾಣುವುದಿಲ್ಲ, ಸೌದೆಯೂ ಒಣಗಿರುವುದಿಲ್ಲ. ಇನ್ನು ಕೆಲವರು "ಬೂದಿ ಬೇಡವಾ?" ಅಂತ ಕೇಳುತ್ತಾರೆ. ಬೂದಿಯಲ್ಲಿ ಪೊಟ್ಯಾಷ್ ಉಂಟು, ಒಪ್ಪಿದೆ. ಅದು ಕೊಳೆಸಿದ ಗೊಬ್ಬರದಲ್ಲೂ ಉಂಟು. ಸುಟ್ಟಾಗ ಹೊಗೆಯಲ್ಲಿ ಹೋಗುವ ಸಾರಜನಕ, ಮಣ್ಣಿಗೆ ಬೇಕಾದ ಸಾವಯವ ಅಂಶ ಮಾತ್ರ ಬೂದಿಯಲ್ಲಿ ಇಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಬರೀ ಬಿಸಿನೀರಿಗಾಗಿ ಇಷ್ಟು ಕಷ್ಟಪಡಬೇಡಿ, ಗಿಟ್ಟುವುದಿಲ್ಲ. ಆದರೆ ಹೇಗೂ ಗೊಬ್ಬರ ಮಾಡುವವರು ಆ ಬಿಸಿಯನ್ನು ಸುಮ್ಮನೆ ಬಿಡಬೇಡಿ. ಗೊಬ್ಬರ ಅಸಲು, ನೀರು ಬಡ್ಡಿ.

ಪೇಟೆಯ ಸೊಪ್ಪು ಎಲ್ಲಿ ಹೋಗುತ್ತದೆ?

ಮಳೆಗಾಲಕ್ಕೆ ಮೊದಲು ಕರೆಂಟಿನ ತಂತಿಗೆ ತಾಗುವ ಕೊಂಬೆಗಳನ್ನು ಕಡಿದು ಮಾರ್ಗದ ಬದಿಗೆ ಹಾಕುತ್ತಾರೆ. ಪೇಟೆಯ ಮನೆಗಳ ಮಡಲು, ತರಗೆಲೆ ಅಂಗಳದ ಮೂಲೆಯಲ್ಲೇ ಸುಡುವುದೂ ಉಂಟು. ಉಳಿದದ್ದು ಕಸದ ಲಾರಿಗೆ. ಒಂದೇ ಕಡೆ ಒಟ್ಟಿದ ಕಸ ಏನು ಮಾಡೀತು ಅಂತ 2019ರ ಆಗಸ್ಟಿನಲ್ಲಿ ನೋಡಿದ್ದೇವೆ. ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜಾರಿ ಮಂದಾರದ ಅಡಿಕೆ, ತೆಂಗಿನ ತೋಟಗಳನ್ನು ನುಂಗಿತು. ಮನೆಯವರು ಮನೆ ಬಿಟ್ಟು ಹೋಗಬೇಕಾಯ್ತು. ಅಲ್ಲಿ ಮುಳುಗಿದ್ದು ನಮ್ಮಂಥ ಕೃಷಿಕರ ಬದುಕು.

ಗಾಳಿ ಸಿಗದೆ ಕೊಳೆತರೆ ನಾತ, ಬೆಂಕಿ ಹಿಡಿಯುವ ಗ್ಯಾಸು. ಗಾಳಿ ಸಿಕ್ಕಿ ಕೊಳೆತರೆ ಬಿಸಿ, ಗೊಬ್ಬರ. ವಸ್ತು ಒಂದೇ.

ನಮಗೆ ದೊಡ್ಡ ತೊಡಕು ಚೂರು ಮಾಡುವುದು. ಕತ್ತಿಯಲ್ಲಿ ಕೊಚ್ಚಿ ಪೂರೈಸದು, ಯಂತ್ರ ಒಬ್ಬನಿಗೆ ಎಟುಕದು. ಟಿಲ್ಲರ್ ಬಾಡಿಗೆಗೆ ಸಿಗುವ ಹಾಗೆ ಕೊಂಬೆ ಪುಡಿ ಮಾಡುವ ಯಂತ್ರವೂ ಸೊಸೈಟಿಗಳಲ್ಲಿ, ಬಾಡಿಗೆ ಕೇಂದ್ರಗಳಲ್ಲಿ ಸಿಗಬೇಕು. ನಗರಪಾಲಿಕೆ ಕಡಿದ ಕೊಂಬೆಗಳನ್ನು ವಾರ್ಡಿನಲ್ಲೇ ಪುಡಿ ಮಾಡಿಸಿ ಕೊಟ್ಟರೆ ಒಯ್ಯಲು ನಾನು ತಯಾರು. ನನ್ನಂಥವರು ಇನ್ನೂ ಇರಬಹುದು. ಕೇಳುವವರು ಹತ್ತು ಜನ ಆದರೆ ಕೊಡುವವರು ಯೋಚಿಸಿಯಾರು.

ಅಲ್ಲಿವರೆಗೆ ನಾಳೆ ಬೆಳಗ್ಗೆ ಒಲೆಗೆ ಕೊತ್ತಳಿಗೆ ನೂಕುವಾಗ ಒಂದು ಕ್ಷಣ ಕೈ ತಡೆಯಿರಿ. ನೀವು ಯಾರಾದರೂ ಇಂಥ ರಾಶಿ ಮಾಡಿದ್ದರೆ, ಸೋತಿದ್ದರೂ ಸರಿ, ಬರೆಯಿರಿ. ಸೋತದ್ದರಿಂದಲೇ ನಾನು ಕಲಿತದ್ದು ಹೆಚ್ಚು.