ನಮ್ಮ ಪೇಟೆ ತೋರಿಸೋಕೆ ಟಿಕೆಟ್ಟಾ?

ಸೇವಂತಿಗೆ ಮೂಟೆ ಹಾಕಿಕೊಂಡು ಚಿಕ್ಕಪ್ಪನ ಜೊತೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಹೋಗಿದ್ದೆ. ಚಿಕ್ಕಬಳ್ಳಾಪುರದ ಕಡೆಯಿಂದ ರಾತ್ರಿ ಎರಡಕ್ಕೆ ಟೆಂಪೋ ಹತ್ತಿದರೆ ನಾಲ್ಕಕ್ಕೆಲ್ಲ ಅಲ್ಲಿರುತ್ತೇವೆ. ಏಳೂವರೆಗೆ ಲೆಕ್ಕ ಮುಗಿಸಿ, ಮಂಡಿ ಮುಂದೆ ನಿಂತು ಗಾಡಿ ಇಡ್ಲಿ ತಿನ್ನುತ್ತಿದ್ದೆವು. ಅಷ್ಟರಲ್ಲಿ ಹದಿನೈದು ಜನರ ಗುಂಪೊಂದು ಬಂತು. ಎಲ್ಲರ ಕೈಯಲ್ಲೂ ಕ್ಯಾಮೆರಾ, ಮುಂದೆ ಒಬ್ಬ ಗೈಡ್. ಹಳೇ ಬೆಂಗಳೂರನ್ನು ನಡೆಸಿಕೊಂಡು ತೋರಿಸೋಕೆ, ತಿಂಡಿ ತಿನ್ನಿಸೋಕೆ ದುಡ್ಡು ಕೊಟ್ಟು ಬಂದವರಂತೆ.

ಆ ಗೈಡ್ ಚಿಕ್ಕಪ್ಪನಿಗೆ ಹೇಳಿದ: "ಸ್ವಲ್ಪ ಪಕ್ಕಕ್ಕೆ ಬನ್ನಿ, ಹೂವಿನ ಫೋಟೋಗೆ ಅಡ್ಡ ಆಗ್ತೀರ."

ಚಿಕ್ಕಪ್ಪ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಸರಿದರು. ಆ ರಾಶಿಯಲ್ಲಿ ಅವರು ಬೆಳೆದ ಹೂವೂ ಇತ್ತು.

ನಡೆದು ಊರು ನೋಡೋರ ಮೇಲೆ ನನಗೆ ಸಿಟ್ಟಿಲ್ಲ. ಕಾರಿನ ಗಾಜಿನೊಳಗಿಂದ ನೋಡೋದಕ್ಕಿಂತ ಅದು ಎಷ್ಟೋ ಮೇಲು. ಆದರೆ ಹೂವು ಬೇಕು, ಹೂವಿನವನು ಬೇಡ; ಸೊಪ್ಪು ಬೇಕು, ಸೊಪ್ಪಿನವಳು ಬೇಡ ಅನ್ನೋ ಕಣ್ಣಿದೆಯಲ್ಲ, ಜಗಳ ಅದರ ಜೊತೆ.

ಈ ಪೇಟೆ ಯಾರದು ಅಂತ ಬೀದಿಗಳ ಹೆಸರೇ ಹೇಳುತ್ತವೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆ ಬೆಳೆದದ್ದು ಹಳ್ಳಿಯ ಬೆಳೆಯಿಂದ, ಹಳ್ಳಿಯ ಕಸುಬಿನಿಂದ. ತೋಟ ಮಾಡುತ್ತಿದ್ದ ತಿಗಳರ ಹೆಸರಿನಲ್ಲೇ ಒಂದು ಪೇಟೆ ಇದೆ. ಅಲ್ಲಿನ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗ ಇಡೀ ರಾತ್ರಿ ಪೇಟೆ ಬೀದಿಗಳಲ್ಲಿ ನಡೆಯುತ್ತದೆ, ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಆ ನಡಿಗೆಗೆ ಟಿಕೆಟ್ ಇಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಯೂ ಹಾಗೇ. ಕಾರ್ತಿಕದ ಕೊನೆ ಸೋಮವಾರ ಬಂತೆಂದರೆ ರಸ್ತೆಯ ಎರಡೂ ಬದಿ ಕಡಲೆಕಾಯಿ ರಾಶಿ, ಜನ ಸೇರು ಲೆಕ್ಕದಲ್ಲಿ ಕೊಂಡು ತಿನ್ನುತ್ತಾ ನಡೆಯುತ್ತಾರೆ. ಮಾಗಿ ಚಳಿಯಲ್ಲಿ ಬೆಂಗಳೂರಿನವರು ಅವರೆಕಾಯಿ ಸೊಗಡಿಗೆ ಬಾಯಿ ಬಿಡುತ್ತಾರಲ್ಲ, ಆ ಸೊಗಡೂ ಮಾಗಡಿ, ಹೊಸಕೋಟೆ ಕಡೆಯ ಹೊಲದ್ದೇ.

ಪರಿಷೆ ದಿನ ನಾವು 'ಸಂಸ್ಕೃತಿ'. ಮಾರನೇ ವಾರ ಅದೇ ಫುಟ್‌ಪಾತಿನಲ್ಲಿ ಕೂತರೆ 'ಒತ್ತುವರಿ'. ಇದು ಯಾವ ನ್ಯಾಯ?

"ನೀವು ಕೂತರೆ ಜನ ಎಲ್ಲಿ ನಡೀಬೇಕು?" ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಕೆಲವು ಕಡೆ ದಾರಿಯೇ ಬಿಡದೆ ಕೂರೋರಿದ್ದಾರೆ, ಅದು ತಪ್ಪು. ಆದರೆ ಒಂದು ಸಲ ತಲೆ ತಗ್ಗಿಸಿ ಫುಟ್‌ಪಾತ್ ನೋಡಿ. ನಿಲ್ಲಿಸಿದ ಬೈಕು, ಟ್ರಾನ್ಸ್‌ಫಾರ್ಮರ್, ಅಂಗಡಿಯವರು ಹೊರಗಿಟ್ಟ ಮಾಲು, ಕಿತ್ತು ಬಿದ್ದ ಚಪ್ಪಡಿ. ಇವನ್ನೆಲ್ಲ ಬಿಟ್ಟು ಮೊದಲು ಎಬ್ಬಿಸೋದು ಮಾತ್ರ ಬುಟ್ಟಿ ಇಟ್ಟುಕೊಂಡ ಹೆಂಗಸನ್ನು. ಆಕೆಗೆ ಇನ್ನೂ ಒಂದು ಕಷ್ಟ ಇದೆ. ಶೌಚಕ್ಕೆ ಹೋದರೆ ಬುಟ್ಟಿ ನೋಡೋರಿಲ್ಲ. ಅದಕ್ಕೇ ನಮ್ಮೂರಿನ ಅಕ್ಕಂದಿರು ಮಾರ್ಕೆಟ್‌ಗೆ ಹೊರಟ ದಿನ ನೀರೇ ಕುಡಿಯೋದಿಲ್ಲ. ಗುಂಪಿನವರು ತೆಗೆದ ಫೋಟೋದಲ್ಲಿ ಇದು ಕಾಣೋದಿಲ್ಲ.

ಕಾನೂನು ನಮ್ಮ ಕಡೆ ಇದೆ, ತಿಳಿದುಕೊಳ್ಳಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಮೊದಲು ಸಮೀಕ್ಷೆ ಮಾಡಬೇಕು, ವ್ಯಾಪಾರದ ಪ್ರಮಾಣಪತ್ರ ಕೊಡಬೇಕು. ಅದು ಮುಗಿಯೋವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಎಲ್ಲಿ ಕೂರಬೇಕು ಅನ್ನೋದರಲ್ಲಿ ಮಾತಾಡೋಕೆ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ನೂರಕ್ಕೆ 40 ಜನ ವ್ಯಾಪಾರಿಗಳೇ ಆರಿಸಿದವರು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಬೆಂಗಳೂರಿಗಷ್ಟೇ ಅಲ್ಲ, ನಿಮ್ಮ ತಾಲೂಕು ಕೇಂದ್ರದ ಪಟ್ಟಣಕ್ಕೂ ಇದೇ ಕಾನೂನು. ಹೋಗಿ ಕೇಳಿ: ಸಮಿತಿ ಇದೆಯಾ? ಅದರಲ್ಲಿ ಯಾರಿದ್ದಾರೆ?

ಇನ್ನು ನಮ್ಮದೂ ಒಂದು ತಪ್ಪಿದೆ. ಬೆಂಗಳೂರಿಗೆ ಹೋದರೆ ಮಾಲು ಇಳಿಸಿ, ತಲೆ ತಗ್ಗಿಸಿ, ಸಿಕ್ಕಿದ ಬಸ್ಸಿಗೆ ವಾಪಸ್. ನಾವು ಊರು ನೋಡೋಕೆ ಬಂದೋರಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಆವತ್ತು ನಾನು ಚಿಕ್ಕಪ್ಪನನ್ನು ಬಿಡಲಿಲ್ಲ. ಮಾರ್ಕೆಟ್‌ನಿಂದ ಅವೆನ್ಯೂ ರಸ್ತೆ ಹಿಡಿದೆವು. ಅದೇ ಹಳೇ ದೊಡ್ಡಪೇಟೆ. ಚಿಕ್ಕಪೇಟೆ ಕೂಡುವ ಚೌಕ ದಾಟಿದೆವು. ಹಳೇ ಪುಸ್ತಕದ ರಾಶಿಯಲ್ಲಿ ತಂಗಿಗೆ ಪಿಯುಸಿ ಗೈಡ್ ಸಿಕ್ಕಿತು. ಮೈಸೂರು ಬ್ಯಾಂಕ್ ಸರ್ಕಲ್‌ವರೆಗೆ ಸುಮಾರು ಒಂದು ಕಿಲೋಮೀಟರ್ ಅಷ್ಟೇ. ಮೂವತ್ತು ವರ್ಷದಿಂದ ಹೂವು ತರುತ್ತಿದ್ದ ಚಿಕ್ಕಪ್ಪ ಆ ದಾರಿಯಲ್ಲಿ ನಡೆದದ್ದು ಅದೇ ಮೊದಲು.

"ಇದೆಲ್ಲ ಇಷ್ಟು ಹತ್ತಿರ ಇತ್ತೇನೋ?" ಅಂದರು.

ಇತ್ತು ಚಿಕ್ಕಪ್ಪ, ಮೊದಲಿಂದಲೂ ಇತ್ತು. ಮುಂದಿನ ಸಲ ಮೂಟೆ ಇಳಿಸಿದ ಮೇಲೆ ನೀವೂ ಒಂದು ಗಂಟೆ ನಡೆಯಿರಿ. ಯಾರಾದರೂ ಪಕ್ಕಕ್ಕೆ ಬನ್ನಿ ಅಂದರೆ ಸರಿಯಬೇಡಿ. "ಈ ಹೂವು ಬೆಳೆದೋನು ನಾನೇ, ನನ್ನನ್ನೂ ಸೇರಿಸಿ ಫೋಟೋ ತೆಗಿ" ಅನ್ನಿ.